ಗುಡ್ಡ ಎಲ್ಲಿ ಹೋಗತೈತಿ?

ಮನಾಲಿಗೆ ಒಯ್ಯಲೆಂದು ಇವತ್ತು ಮುಂಜಾನೆ ಟ್ರಂಕಿನಿಂದ ಹಳೆಯ ಸ್ವೆಟರ್ ತೆಗೆದೆ. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಸರಿಯಾಗಿ ಒಣಗುವ ಮೊದಲೇ ಮಡಚಿಟ್ಟ ಬಟ್ಟೆಯ ವಾಸನೆ... "ಹಸೀದ ಮಡಚಿದಾಕಿ ಯಾರ ಬೇ?" ಎಂದು ಬಣ್ಣದ ಕಾಕಾ ಬೆನ್ನ ಹಿಂದೆಯೇ ಗದರಿದಂತಾಯಿತು.

ಬನಹಟ್ಟಿಯ ನಮ್ಮ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವರು ಅವರು. ಮೊಣಕೈವರೆಗೆ ಒಂದು ದಿನ ಕೆಂಪು, ಒಂದು ದಿನ ನೀಲಿ. ಊರಿಗೆಲ್ಲ ಮಳೆ ಬೇಕಾದರೆ ಅವರಿಗೆ ಬಿಸಿಲು ಬೇಕು. ಮೋಡ ಕಂಡರೆ ಬೈಯುತ್ತಿದ್ದ ಮನುಷ್ಯ ಓಣಿಯಲ್ಲಿ ಅವರೊಬ್ಬರೇ.

ನನಗಾಗ ಹತ್ತು ವರ್ಷ, ಜೊತೆಗೆ ದಮ್ಮು. ಥಂಡಿ ತಾಗಿದರೆ ಸಾಕು, ಎದೆ ಸುಂಯ್ ಅನ್ನುತ್ತಿತ್ತು. ಮಳೆಗಾಲದಲ್ಲಿ ಓಣಿಯವರೆಲ್ಲ ಮಹಾಬಳೇಶ್ವರಕ್ಕೆ ಹೊರಟಾಗ ಅವ್ವ ನನ್ನನ್ನು ಅಜ್ಜಿಯ ಹತ್ತಿರ ಬಿಡುವುದೆಂದೇ ತೀರ್ಮಾನಿಸಿದ್ದಳು. ನಾನು ಕಂಬ ಹಿಡಿದು ಅತ್ತೆ. "ಹುಡುಗಿ ನನ್ನ ಜವಾಬ್ದಾರಿರಿ ವೈನಿ," ಎಂದರು ಕಾಕಾ, ಅವ್ವನಿಗೆ.

ಹೀಗಾಗಿ ಲಾಡ್ಜ್ ಹುಡುಕುವ ಕೆಲಸವೂ ಅವರ ಕೊರಳಿಗೇ ಬಿತ್ತು. ಕಣಿವೆ ಕಾಣುವ ಕೋಣೆ ತೋರಿಸಿದರೆ ಕಿಟಕಿಯ ಕಡೆ ನೋಡಲೇ ಇಲ್ಲ. ಒದ್ದೆ ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಕೇಳಿದರು. ಮೂರು ಲಾಡ್ಜಿನವರು ಮುಖಮುಖ ನೋಡಿಕೊಂಡರು. ನಾಲ್ಕನೆಯದು ಬೇಕರಿಯ ಹಿಂದೆ, ಕಿಟಕಿ ತೆರೆದರೆ ಬರೀ ಗೋಡೆ. ಆದರೆ ಬೇಕರಿಯ ಭಟ್ಟಿಗೆ ಹೊಂದಿಕೊಂಡ ಕೋಣೆಯಲ್ಲಿ ಹಗ್ಗ ಕಟ್ಟಿದ್ದರು. ಕಾಕಾ ಅದನ್ನೇ ಹಿಡಿದರು. ಗುಡ್ಡ ನೋಡಲು ಬಂದು ಗೋಡೆ ನೋಡಬೇಕೇ ಎಂದು ಅವ್ವ ಸಿಡಿಮಿಡಿಗೊಂಡಳು.

"ಗುಡ್ಡ ಎಲ್ಲಿ ಹೋಗತೈತ್ರಿ ವೈನಿ? ನಾಳೆನೂ ಅಲ್ಲೇ ಇರತೈತಿ. ಈಕಿ ಅಂಗಿ ನಾಳೆ ಮುಂಜಾನೆ ಒಣಗಿರಬೇಕಲ್ಲ?"

ಮೂರು ದಿನ ಮಳೆಯಲ್ಲಿ ಮನಸ್ಸು ತುಂಬ ನೆನೆದೆ. ಮೂರು ದಿನವೂ ಬ್ರೆಡ್ಡಿನ ವಾಸನೆಯ ಬೆಚ್ಚಗಿನ ಫ್ರಾಕ್ ತೊಟ್ಟೆ. ಎದೆ ಒಮ್ಮೆಯೂ ಸುಂಯ್ ಅನ್ನಲಿಲ್ಲ... ವಾಪಸು ಬರುವಾಗ ಬುತ್ತಿಯಲ್ಲಿ ಉಳಿದಿದ್ದ ಒಂದೇ ಒಂದು ಶೇಂಗಾ ಹೋಳಿಗೆಯನ್ನು ಅವ್ವ ಕಾಕಾನ ಕೈಗಿಟ್ಟಳು.

ಈಗ ಐವತ್ತೆರಡರ ನನಗೆ ಹಿಮದ ಮೇಲೆ ಸ್ಕೀಯಿಂಗ್ ಕಲಿಸಿಯೇ ತೀರುತ್ತೇನೆ ಎಂದು ಮಗಳು ಹಟ ಹಿಡಿದಿದ್ದಾಳೆ. ಸುಳ್ಳೇಕೆ ಹೇಳಲಿ, ನನಗೂ ಆಸೆ. "ಹೋಗ್ರಿ, ಔಷಧ ಸಂಗಡ ಇರಲಿ. ಒದ್ದಿ ಅರಿವಿ ಮಾತ್ರ ಮೈಮ್ಯಾಲ ಇಟ್ಕೋಬ್ಯಾಡ್ರಿ," ಎಂದಿದ್ದಾರೆ ಡಾಕ್ಟರು. ವಾರದಿಂದ ಫೋನಿನಲ್ಲಿ ಹೋಟೆಲುಗಳನ್ನು ನೋಡಿದ್ದೇ ನೋಡಿದ್ದು. ಎಲ್ಲದರಲ್ಲೂ ಕಿಟಕಿ, ಕಿಟಕಿಯ ತುಂಬ ಹಿಮ. ಇವತ್ತು ಮಧ್ಯಾಹ್ನ ಅದರಲ್ಲೊಂದಕ್ಕೆ ನಾನೇ ಮರುಳಾದೆ, ಮಲಗಿದಲ್ಲಿಂದಲೇ ಶಿಖರ ಕಾಣುವ ಕೋಣೆ. ಇದನ್ನೇ ಹಿಡಿ ಎಂದೆ.

ಮಗಳು ಅಲ್ಲಿಗೆ ಫೋನು ಮಾಡಿ, ಒದ್ದೆ ಬೂಟು, ಕೈಗವಸು ಎಲ್ಲಿ ಒಣಗಿಸುತ್ತೀರಿ ಎಂದು ಹಿಂದಿಯಲ್ಲಿ ಕೇಳಿದಳು. ಬಾತ್‌ರೂಮಿನಲ್ಲಿ ಎಂದರಂತೆ. ಫೋನು ಇಟ್ಟುಬಿಟ್ಟಳು. ಇನ್ನೊಂದು ಕಡೆ ಒಬ್ಬ ಹೆಂಗಸು, ಒಲೆಯ ಪಕ್ಕ ಅದಕ್ಕೆಂದೇ ಒಂದು ಕೋಣೆ ಇದೆ ಎಂದಳು. ಮಗಳು ಅಲ್ಲೇ ಬುಕ್ ಮಾಡಿದಳು.

"ಅಲ್ಲಿ ಕಿಟಕ್ಯಾಗ ಏನ್ ಕಾಣತೈತಿ?" ಎಂದೆ, ಥೇಟ್ ಅವ್ವನ ದನಿಯಲ್ಲಿ.

"ಪಾರ್ಕಿಂಗು," ಎಂದು ನಕ್ಕಳು. "ಗುಡ್ಡ ಎಲ್ಲಿ ಹೋಗತೈತಿ ಬೇ ಅವ್ವಾ?"

ಅವಳು ಕಾಕಾನನ್ನು ಕಂಡವಳಲ್ಲ. ನನ್ನ ಬಾಯಲ್ಲಿ ಕೇಳಿದ್ದಷ್ಟೇ. ಅವಳು ಹುಟ್ಟುವ ಮೊದಲೇ ಅವರು ಹೋದರು, ಹಿಮವನ್ನು ಒಮ್ಮೆಯೂ ಕಾಣದೆ... ನೂಲು ಒಣಗುತ್ತಿದ್ದ ಅವರ ಅಂಗಳದಲ್ಲಿ ಈಗ ಪವರ್‌ಲೂಮಿನ ಶೆಡ್ಡು ಎದ್ದಿದೆ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಆಮೇಲೆ ಸ್ವೆಟರ್ ಒಗೆದು ಮಾಳಿಗೆಯ ಬಿಸಿಲಿಗೆ ಹರವಿದೆ. ಆಗಲೇ ಎರಡು ಸಲ ಹೋಗಿ ತಿರುವಿ ಹಾಕಿ ಬಂದಿದ್ದೇನೆ.