ಮೆಟ್ಟಿಲ ಮೇಲಿನ ಬಾಣ

ಆ ಊರಿನಲ್ಲಿ ಮನೆ ಕಟ್ಟುವವರು ಮೊದಲು ನೋಡುತ್ತಿದ್ದುದು ಗಾಳಿ ಬೆಳಕನ್ನಲ್ಲ, ಪಕ್ಕದ ಮನೆಯ ಮೆಟ್ಟಿಲನ್ನು. ಅದಕ್ಕಿಂತ ನಾಲ್ಕು ಬೆರಳಾದರೂ ತಮ್ಮದು ಎತ್ತರವಿರಬೇಕು. ಮಳೆನೀರು ಬಂದರೆ ಅವನ ಮನೆಗೆ ಹೋಗಲಿ, ನಮಗೇನು? ಪಕ್ಕದವನು ಮಾತ್ರ ಕಡಲೆಕಾಯಿ ತಿನ್ನುತ್ತ ಕೂತಿರುತ್ತಾನೆಯೇ? ಮುಂದಿನ ಬೇಸಿಗೆಯಲ್ಲಿ ಗಾರೆಯವನನ್ನು ಕರೆಸಿ ಅವನೂ ಒಂದು ಕಲ್ಲು ಏರಿಸುತ್ತಿದ್ದ. ಹೀಗೆ ಏರಿ ಏರಿ ಕೆಲವು ಮನೆಗಳಲ್ಲಿ ಬಾಗಿಲೇ ಗಿಡ್ಡವಾಗಿ, ತಲೆ ಬಗ್ಗಿಸದೆ ಒಳಗೆ ಹೋಗುವಂತಿರಲಿಲ್ಲ. ಹೊರಗಿನಿಂದ ಬಂದವರು ಈ ಊರಿನವರಿಗೆ ಎಷ್ಟು ವಿನಯವಪ್ಪಾ ಎಂದುಕೊಳ್ಳುತ್ತಿದ್ದರು.

ಈ ವಿನಯವಂತರ ಪುರಸಭೆಯಲ್ಲಿ ಚರಂಡಿಗಳ ಉಸ್ತುವಾರಿ ಒಬ್ಬ ಓವರ್‌ಸಿಯರ್ ಹೆಂಗಸಿನದು. ಕೈಚೀಲದಲ್ಲಿ ಬಾಚಣಿಗೆ ಇರದಿದ್ದರೂ ಅಳತೆಯ ಟೇಪು ಇದ್ದೇ ಇರುತ್ತಿದ್ದುದರಿಂದ ಜನ ಅವಳನ್ನು ಟೇಪಮ್ಮ ಎಂದು ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಸರವಿರಲಿಲ್ಲ. ಅಕ್ಕನ ಮನೆಯಲ್ಲಿ ಮಾತ್ರ, ಐವತ್ತು ದಾಟಿ ಕೂದಲು ಬೆಳ್ಳಗಾದರೂ, ಅವಳು ಪುಟ್ಟಿಯೇ.

ಅಕ್ಕನ ಮನೆ ತಗ್ಗಿನ ಓಣಿಯಲ್ಲಿತ್ತು. ತಾಯಿ ಹೋದ ಮೇಲೆ ಪುಟ್ಟಿಯನ್ನು ಸಾಕಿದವಳು ಅಕ್ಕ, ಓದಿಸಿದವನು ಲಾರಿ ಓಡಿಸುತ್ತಿದ್ದ ಭಾವ. ಡಿಪ್ಲೊಮಾ ಪರೀಕ್ಷೆಗೆ ಸಿಮೆಂಟಿನ ಲಾರಿಯಲ್ಲೇ ಕರೆದುಕೊಂಡು ಹೋಗಿ, ಮುಗಿಯುವ ತನಕ ಗೇಟಿನ ಹೊರಗೆ ಕಾದು, ವಾಪಸು ಬರುವಾಗ ಲಾರಿ ನಿಂತ ಕಡೆಯಲ್ಲೆಲ್ಲ "ನಮ್ಮ ಪುಟ್ಟಿ ಇಂಜಿನಿಯರ್ರು" ಎಂದು ಹೇಳಿಕೊಂಡು ಬಂದಿದ್ದ. ಫಲಿತಾಂಶ ಬರುವುದು ಇನ್ನೂ ದೂರವಿತ್ತು. ಅಂಥ ಭಾವ ಈಗ ಪಾರ್ಶ್ವವಾಯು ಹೊಡೆದು, ಮುಂದಿನ ಕೋಣೆಯ ಕಿಟಕಿಗೆ ಒತ್ತಿದ ಮಂಚದ ಮೇಲೆ ಮಲಗಿದ್ದ. ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ಒಂದೋ ಎರಡೋ ಸಲ ತಡವರಿಸಿ ಹೊರಬರುತ್ತಿತ್ತು, ಕೂಗಲಂತೂ ಆಗುತ್ತಿರಲಿಲ್ಲ.

ಹಿಂದಿನ ವರ್ಷದ ಮಳೆಯಲ್ಲಿ ಅಕ್ಕ ಔಷಧಿ ತರಲು ಹೋಗಿದ್ದಾಗ ನೀರು ನುಗ್ಗಿತ್ತು. ಅವಳು ಓಡಿಬಂದು ನೋಡಿದರೆ ಹಾಸಿಗೆ ನೆನೆದು, ನೀರು ಭಾವನ ಕಿವಿಯ ಹತ್ತಿರಕ್ಕೆ ಬಂದಿತ್ತು. ಅವನು ಸೂರು ನೋಡುತ್ತ ಸುಮ್ಮನೆ ಮಲಗಿದ್ದ. ಅಂದಿನಿಂದ ಮೋಡ ಕಂಡರೆ ಅಕ್ಕ ಮನೆ ಬಿಟ್ಟು ಕದಲುತ್ತಿರಲಿಲ್ಲ. ಅವರಿಬ್ಬರನ್ನೂ ತನ್ನ ಮನೆಗೆ ಕರೆದೊಯ್ಯುವುದಕ್ಕೂ ಟೇಪಮ್ಮ ನೋಡಿದ್ದಳು. ಅವಳದು ಎರಡನೇ ಮಹಡಿಯ ಬಾಡಿಗೆ ಮನೆ, ತಿರುವಿನ ಮೆಟ್ಟಿಲು. ಆರಡಿಯ ಭಾವನನ್ನು ಆ ತಿರುವಿನಲ್ಲಿ ಹಾಯಿಸಬೇಕಾದರೆ ಮಡಚಬೇಕಾಗುತ್ತಿತ್ತು.

ಅದಕ್ಕೇ, ಸಣ್ಣ ಊರುಗಳೆಲ್ಲ ಮಳೆನೀರು ನಿರ್ವಹಣೆಗೆ ಒಂದು ಯೋಜನೆ ಮಾಡಿ ಕಳಿಸಬೇಕೆಂದು ಮೇಲಿನಿಂದ ಆದೇಶ ಬಂದಾಗ, ಕಚೇರಿಯಲ್ಲಿ ಖುಷಿಪಟ್ಟ ಒಂದೇ ಜೀವ ಟೇಪಮ್ಮನದು. ಅವಳು ಆ ಯೋಜನೆಯನ್ನು ಮಗಳ ಮದುವೆಯಂತೆ ಓಡಾಡಿ ಮಾಡಿದಳು. ಮೇಲಿನ ಬೀದಿಗಳ ನೀರು ಒಂದೇ ಸಲ ತಗ್ಗಿಗೆ ಧುಮುಕದಂತೆ ಆಟದ ಮೈದಾನವನ್ನು ಸ್ವಲ್ಪ ಅಗೆದು ಅಲ್ಲಿ ತಂಗಿಸುವುದು. ಮಳೆಗಾಲಕ್ಕೆ ಮುಂಚೆ ಚರಂಡಿಗಳ ಹೂಳು ತೆಗೆಸುವುದು. ಸಂತೆಕಟ್ಟೆಯ ಕಾಂಕ್ರೀಟು ಒಡೆದು ನೀರು ಇಂಗುವ ಕಲ್ಲು ಹಾಸುವುದು. ಮೇಲಿನ ಬೀದಿಗಳ ಚರಂಡಿಗಳನ್ನೆಲ್ಲ ಕೂಡಿಸಿಕೊಂಡು, ತಗ್ಗಿನ ಓಣಿಯಿಂದ ಹಳ್ಳದವರೆಗೆ ಹೊಸ ದೊಡ್ಡ ಚರಂಡಿ. ಕೊನೆಗೆ ಒಂದು ನಿಯಮ: ಇನ್ನು ಮುಂದೆ ಯಾರೂ ಮೆಟ್ಟಿಲು ಎತ್ತರಿಸಬಾರದು, ನೀರನ್ನು ನೆರೆಮನೆಗೆ ತಳ್ಳಬಾರದು.

ಊರಿನವರ ಸಭೆ ಸೇರಿತು. ಮೈದಾನ ಮುಟ್ಟಿದರೆ ನೋಡಿ ಎಂದರು ಆಟದ ಸಂಘದವರು. ಸಂತೆಕಟ್ಟೆಯ ಕಲ್ಲಿನಲ್ಲಿ ಗಾಡಿಚಕ್ರ ಸಿಕ್ಕಿಕೊಳ್ಳುತ್ತದೆ ಎಂದರು ವ್ಯಾಪಾರಿಗಳು. ಹೂಳು ತೆಗೆಯುವುದನ್ನು ಯಾರೂ ಬೇಡವೆನ್ನಲಿಲ್ಲ, ತೆಗೆದ ಹೂಳನ್ನು ತಮ್ಮ ಬೀದಿಯಲ್ಲಿ ಹಾಕಬಾರದೆಂದರು ಅಷ್ಟೆ. ಚರಂಡಿ ಮಾತ್ರ ಎಲ್ಲರಿಗೂ ಬೇಕು, ಆದರೆ ಪಕ್ಕದವರ ಬಾಗಿಲ ಮುಂದೆ. ಸಭೆ ಮುಗಿಯುವ ಹೊತ್ತಿಗೆ ಯೋಜನೆಯಲ್ಲಿ ಉಳಿದದ್ದು ಎರಡು: ಹೊಸ ಚರಂಡಿ ಮತ್ತು ಮೆಟ್ಟಿಲಿನ ನಿಯಮ. ನಿಯಮವನ್ನು ಪಾಲಿಸುವ ಉದ್ದೇಶ ಯಾರಿಗೂ ಇರಲಿಲ್ಲವಾದ್ದರಿಂದ ಅದಕ್ಕೆ ವಿರೋಧವೂ ಬರಲಿಲ್ಲ.

ಪಾಲಿಸಿದವಳು ಅಕ್ಕ ಒಬ್ಬಳೇ. ಆ ವರ್ಷ ಮೆಟ್ಟಿಲು ಏರಿಸಲೆಂದು ತಂದಿಟ್ಟಿದ್ದ ಕಲ್ಲನ್ನು ಹಿತ್ತಿಲಿಗೆ ಉರುಳಿಸಿ, ಬಟ್ಟೆ ಒಗೆಯಲು ಹಾಕಿಕೊಂಡಳು. ತಂಗಿಯೇ ಮಾಡಿದ ನಿಯಮವನ್ನು ನಾವೇ ಮುರಿದರೆ ಊರು ಆಡಿಕೊಳ್ಳುವುದಿಲ್ಲವೇ? ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಇಸ್ತ್ರಿಯವನಿಗೂ ಅವಳೇ ಬುದ್ಧಿ ಹೇಳಿ ತಡೆದಳು. ಓಣಿಯಲ್ಲಿ ತಗ್ಗಾಗಿ ಉಳಿದದ್ದು ಆ ಎರಡೇ ಮನೆಗಳ ಮೆಟ್ಟಿಲು.

ಇನ್ನು ಅಳತೆಯ ಮಾತು. ನೀರಿನ ದಾರಿ ಹಾಕಬೇಕಾದರೆ ಊರಿನ ಏರುತಗ್ಗುಗಳನ್ನು ಯಾವುದಾದರೂ ಒಂದು ಅಲುಗದ ಜಾಗದಿಂದ ಅಳೆಯಬೇಕು. ಆ ಊರಿನಲ್ಲಿ ಅದು ಪುರಸಭೆಯ ಮುಂಬಾಗಿಲಿನ ಮೆಟ್ಟಿಲು. ಟೇಪಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗಿನ ಹಿರಿಯ ಓವರ್‌ಸಿಯರ್ ಆ ಕಲ್ಲಿನ ಮೇಲೆ ಉಳಿಯಿಂದ ಒಂದು ಸಣ್ಣ ಬಾಣ ಕೆತ್ತಿಸಿ, ಅಲ್ಲಿಂದ ಹಿಡಿದು ಓಣಿಗಳನ್ನೆಲ್ಲ ಇವಳೊಂದಿಗೆ ಅಳೆದು, ಗೋಡೆಗಳಿಗೆ ಆ ಅಳತೆಯ ಕೆಂಪು ಗೆರೆ ಎಳೆಸಿದ್ದರು. ಆಮೇಲೆ ಇವಳಿಗೆ ಬೇರೆ ಊರಿಗೆ ವರ್ಗವಾಗಿ, ಎಷ್ಟೋ ವರ್ಷ ಅಲ್ಲಿದ್ದು ಮರಳಿ ಬಂದಳು. ಕೆಂಪು ಗೆರೆಗಳು ಹಾಗೇ ಇದ್ದವು, ಬಾಣವೂ ಇತ್ತು. ಅಳೆಯದೆ ಉಳಿದಿದ್ದುದು ಓಣಿಯಾಚೆಯ ಹಳ್ಳದ ಕಡೆ ಮಾತ್ರ. ಅದೇ ಬಾಣದಿಂದ ಶುರುಮಾಡಿ ಅದನ್ನೂ ಅಳೆದು ಮುಗಿಸಿದಳು. ನಕ್ಷೆಯಲ್ಲಿ ಓಣಿ ಮೇಲಿತ್ತು, ಹಳ್ಳ ಕೆಳಗಿತ್ತು, ನೀರು ಸಲೀಸಾಗಿ ಹೋಗುವಂತಿತ್ತು. ಮೇಲಿನವರು ಒಪ್ಪಿದರು, ಗುತ್ತಿಗೆದಾರ ಬಂದ, ಕೆಲಸ ನಡೆಯಿತು.

ಆ ತಿಂಗಳುಗಳಲ್ಲಿ ಭಾವನಿಗೆ ಹೊಸ ಜೀವ ಬಂದಂತಿತ್ತು. ಚರಂಡಿ ಹಾದುಹೋಗುತ್ತಿದ್ದುದು ಅವನ ಕಿಟಕಿಯ ಕೆಳಗೇ. ಅಗೆಯುವವರು, ಕಂಬಿ ಕಟ್ಟುವವರು, ಕಾಂಕ್ರೀಟು ಸುರಿಯುವವರು, ಎಲ್ಲರ ಮೇಲೂ ಮಂಚದಿಂದಲೇ ಮೇಸ್ತ್ರಿಗಿರಿ ಮಾಡಿದ. ಕೆಲಸದವರು ತಂಬಾಕು ತಿಕ್ಕುತ್ತ ಕೂತರೆ ಎಡಗೈಯಿಂದ ಕಿಟಕಿಯ ಸರಳು ಬಡಿಯುತ್ತಿದ್ದ. ಸಂಜೆ ಟೇಪಮ್ಮ ಬಂದರೆ ಮುಖವೆಲ್ಲ ನಗುವಾಗಿ, ಎಷ್ಟು ದೂರ ಬಂತೆಂದು ಬೆರಳಲ್ಲಿ ತೋರಿಸುತ್ತಿದ್ದ.

ಕೆಲಸ ಮುಗಿಯಿತು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ಪುರಸಭೆಯ ಮೆಟ್ಟಿಲು ಹಳತಾಗಿ ಕಾಣುತ್ತದೆ, ನುಣುಪುಕಲ್ಲು ಹಾಕಿಸಿ ಎಂದರು ಅಧ್ಯಕ್ಷರು. ಮೆಟ್ಟಿಲು ಎತ್ತರಿಸಬಾರದೆಂಬ ನಿಯಮಕ್ಕೆ ಸಹಿ ಹಾಕಿದವರೂ ಅವರೇ, ಬಿಡಿ. ಗಾರೆಯವನು ಹಾರೆ ಹಾಕಿ ಹಳೆಯ ಕಲ್ಲನ್ನು ಎಬ್ಬಿಸಿದ. ಆಫೀಸಿಗೆ ಬರುತ್ತಿದ್ದ ಟೇಪಮ್ಮ ದಾಟಲೆಂದು ಕಾಲೆತ್ತಿದವಳು ಕಾಲನ್ನು ಹಾಗೇ ಹಿಂದಕ್ಕಿಟ್ಟಳು. ಎಬ್ಬಿಸಿದ ಕಲ್ಲಿನ ಅಡಿಯಲ್ಲಿ ಇನ್ನೊಂದು ಕಲ್ಲಿತ್ತು. ಅದರ ಮೇಲೂ ಒಂದು ಬಾಣವಿತ್ತು.

ಗಾರೆಯವನನ್ನು ಕೇಳಿದಳು. ಅವನಿಗೆ ಹೇಳಲು ಹೆಮ್ಮೆ. ಇವಳು ಬೇರೆ ಊರಲ್ಲಿದ್ದಾಗ ಆಫೀಸಿಗೆ ನೀರು ನುಗ್ಗಿತ್ತಂತೆ. ಊರಿನ ರೂಢಿಯಂತೆ ಆಫೀಸೂ ತನ್ನ ಮೆಟ್ಟಿಲನ್ನು ಏರಿಸಿತಂತೆ. ಬಾಣದ ಗುರುತು ಮಾತ್ರ ಅಳಿಸಿಹೋಗಬಾರದು ಎಂದು ಹಿರಿಯ ಓವರ್‌ಸಿಯರ್ ನಿವೃತ್ತಿಯಾಗುವಾಗ ಅವನಿಗೆ ಹೇಳಿಹೋಗಿದ್ದರಂತೆ.

"ಅದಕ್ಕೇ ಮೇಲಿನ ಕಲ್ಲಿಗೂ ಅದೇ ಜಾಗದಲ್ಲಿ, ಅದೇ ಅಳತೇಲಿ ಕೆತ್ತಿದೆ ನೋಡಿ. ಕೂದಲೆಳೆ ಆಚೀಚೆ ಆಗಿಲ್ಲ" ಎಂದ.

ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ, ನಿಜ. ಮೇಲಕ್ಕೆ ಮಾತ್ರ ಒಂದು ಗೇಣು ಏರಿತ್ತು. ಅವನನ್ನು ಬೈಯೋಣವೆಂದರೆ ಅವನು ಮಾಡಿದ್ದು ಭಕ್ತಿಯಿಂದ. ಒಂದು ಮಗುವನ್ನು ನೆಲದಿಂದ ಅಳೆದು, ಪಕ್ಕದಲ್ಲೇ ನಿಂತ ಇನ್ನೊಂದನ್ನು ಮಣೆಯ ಮೇಲ್ಮೈಯಿಂದ ಅಳೆದರೆ ಎರಡನೆಯದು ಗಿಡ್ಡವೆಂದು ಬರುತ್ತದಲ್ಲ, ಹಾಗಾಗಿತ್ತು. ಓಣಿಯ ಅಳತೆ ಕೆಳಗಿನ ಬಾಣದ್ದು, ಹಳ್ಳದ ಅಳತೆ ಮೇಲಿನ ಬಾಣದ್ದು. ಹಳ್ಳ ತಗ್ಗಿದ್ದುದು ಕಾಗದದ ಮೇಲೆ ಮಾತ್ರ, ನೆಲದ ಮೇಲೆ ಓಣಿಯೇ ತಗ್ಗು. ಮೇಲಿನ ಬೀದಿಗಳ ನೀರನ್ನೆಲ್ಲ ಗುಡಿಸಿ ತಂದು ಅಕ್ಕನ ಬಾಗಿಲಿಗೆ ಸುರಿಯುವ ಚರಂಡಿಯನ್ನು ಅವಳು ಸರಕಾರದ ಖರ್ಚಿನಲ್ಲಿ ಕಟ್ಟಿಸಿದ್ದಳು. ಅವಳು ಅಲ್ಲೇ ಕಲ್ಲಿನ ಮುಂದೆ ಕುಕ್ಕರಿಸಿದಳು. ಬಂದು ಹೋಗುವವರು ಟೇಪಮ್ಮ ಮೆಟ್ಟಿಲು ಅಳೆಯುತ್ತಿದ್ದಾಳೆಂದುಕೊಂಡು ಸುತ್ತಿ ಹೋದರು.

ಆಮೇಲೆ ಎದ್ದು ಮುಖ್ಯಾಧಿಕಾರಿಯ ಕೋಣೆಗೆ ಹೋದಳು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಮೊದಲೇ ನೋಡಿಕೊಳ್ಳದ್ದು ತನ್ನದೇ ತಪ್ಪು, ಬೇಕಾದ ಶಿಕ್ಷೆ ಕೊಡಿ, ಆದರೆ ಮೇಲಿನ ಚರಂಡಿ ಓಣಿಗೆ ಸೇರುವ ಜಾಗದಲ್ಲಿ ಈ ಮಳೆಗಾಲ ಮುಗಿಯುವ ತನಕ ಒಂದು ಹಲಗೆ ಇಳಿಸಿ ಮುಚ್ಚಿಸಿ ಎಂದು ಕೇಳಿದಳು. ಹಲಗೆ ಇಳಿಸಿದರೆ ಮೇಲಿನ ಬೀದಿಗಳಲ್ಲಿ ಎಂದಿನಂತೆ ನೀರು ನಿಲ್ಲುತ್ತದೆ. ಆ ಬೀದಿಗಳಲ್ಲೊಂದು ಅಧ್ಯಕ್ಷರದು. ಅಧಿಕಾರಿ ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಿದ್ದರು. ಕೆಲಸ ಪೂರ್ತಿಯಾಯಿತೆಂದು ವರದಿ ಹೋಗಿಯಾಗಿದೆ, ಈಗ ತಪ್ಪಾಗಿದೆ ಎಂದರೆ ಅನುದಾನವೂ ವಾಪಸು, ನಾವೂ ವಾಪಸು ಎಂದರು. ಹಳ್ಳವನ್ನೇ ಆಳ ಮಾಡಿಸೋಣವೆಂದರೆ ಅದು ನೀರಾವರಿ ಇಲಾಖೆಯದು. ಅವರಿಗೆ ಎದುರಲ್ಲೇ ಫೋನು ಮಾಡಿದರು ಕೂಡ. ಮಳೆಗಾಲ ಮುಗಿದ ಮೇಲೆ ಬಂದು ನೋಡುತ್ತಾರಂತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಎಲ್ಲ ಕಾಲದಲ್ಲೂ ಇದ್ದದ್ದೇ.

"ನೀರು ತನ್ನ ದಾರಿ ತಾನು ನೋಡ್ಕೊಳ್ಳುತ್ತೆ ಬಿಡಿ" ಎಂದರು ಅಧಿಕಾರಿ, ಸಮಾಧಾನ ಹೇಳುವವರಂತೆ.

"ನೋಡ್ಕೊಳ್ಳುತ್ತೆ ಸಾರ್. ಅದು ನೋಡೋದು ತಗ್ಗನ್ನ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಹೊರಗೆ ಬಂದಳು. ಅಧ್ಯಕ್ಷರ ಮನೆಗೂ ಹೋದಳು, ಅಲ್ಲಿ ಕಾಫಿ ಸಿಕ್ಕಿತು. ಹಲಗೆಯನ್ನು ತಾನೇ ಇಳಿಸಿಬಿಡಲೇ ಎಂದು ಹೋಗಿ ನಿಂತು ನೋಡಿದಳು. ಅಲ್ಲಿ ಗುತ್ತಿಗೆದಾರನ ಕಡೆಯವರು ಚರಂಡಿಯ ಗೋಡೆಗೆ ಬಣ್ಣ ಹೊಡೆಯುತ್ತಿದ್ದರು. ಇಳಿಸಿದ ಹಲಗೆಯನ್ನು ಮೇಲಿನ ಬೀದಿಯವರು ಮೊದಲ ಮಳೆಯಲ್ಲೇ ಕಿತ್ತೆಸೆಯುತ್ತಾರೆಂಬುದು ಅವಳಿಗೂ ಗೊತ್ತಿತ್ತು.

ಉಳಿದದ್ದು ಒಂದೇ ದಾರಿ. ಗಾರೆಯವನನ್ನು ಕರೆದುಕೊಂಡು ಅಕ್ಕನ ಹಿತ್ತಿಲಿಗೆ ಹೋದಳು. ಬಟ್ಟೆ ಒಗೆಯುತ್ತಿದ್ದ ಅಕ್ಕನ ಪಕ್ಕ ಕೂತು ಎಲ್ಲ ಹೇಳಿ, ನಿಯಮ ಗಿಯಮ ಎಲ್ಲ ಹಾಳಾಗಿಹೋಗಲಿ, ಈ ಒಗೆಯುವ ಕಲ್ಲನ್ನೇ ಮೆಟ್ಟಿಲಿಗೆ ಏರಿಸೋಣ ಎಂದಳು. ಅಕ್ಕ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೈಯಲ್ಲಿದ್ದ ಅಂಗಿಯನ್ನು ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದಳು.

"ನಮ್ಮದು ಏರಿಸಿದ್ರೆ ಆ ನೀರೆಲ್ಲ ಇಸ್ತ್ರಿಯವನ ಮನೆಗೆ ನುಗ್ಗುತ್ತಲ್ಲೇ ಪುಟ್ಟಿ."

"ಅವನದ್ದೂ ಏರಿಸ್ಲಿ."

"ಏರಿಸ್ತೀನಿ ಅಂದಾಗ ನಾನೇ ಬೇಡ ಅಂದೆ. ಆ ದುಡ್ಡನ್ನ ಹೆಂಡತಿ ಬಾಣಂತನಕ್ಕೆ ಹಾಕ್ಕೊಂಡ. ಈಗ ಎಳೇ ಕೂಸು ನೆಲದ ಮೇಲೆ ಮಲಗಿರುತ್ತೆ. ನಮ್ಮಲ್ಲಿ ಮಂಚನಾದ್ರೂ ಇದೆ."

ಆ ಮನೆಗೂ ತಾನೇ ಹಣ ಕೊಟ್ಟು ಏರಿಸಿದರೆ ನೀರು ಮುಂದಿನ ಯಾವುದೋ ಮನೆಗೆ ಹೋಗುತ್ತದೆ. ಆ ಮನೆಯಲ್ಲೂ ಯಾರೋ ಮಲಗಿರುತ್ತಾರೆ. ಈ ಲೆಕ್ಕ ಟೇಪಮ್ಮನಷ್ಟು ಚೆನ್ನಾಗಿ ಬಲ್ಲವರು ಊರಲ್ಲಿ ಯಾರೂ ಇರಲಿಲ್ಲ. ಗಾರೆಯವನು ಸ್ವಲ್ಪ ಹೊತ್ತು ನಿಂತು, ಇಲ್ಲಿ ಕೆಲಸವಿಲ್ಲವೆಂದು ತಿಳಿದು, ಪುರಸಭೆಯ ನುಣುಪುಕಲ್ಲು ಕೂರಿಸಲು ಹೋದ.

"ಮಂಚಕ್ಕೆ ಇನ್ನೊಂದು ವರಸೆ ಇಟ್ಟಿಗೆ ಇಡೋಣ" ಎಂದಳು ಅಕ್ಕ. ಆಮೇಲೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ದನಿ ತಗ್ಗಿಸಿದಳು. "ಅವರಿಗೆ ಮಾತ್ರ ಹೇಳ್ಬೇಡ. ನಿನ್ನ ಚರಂಡಿ ನೋಡ್ಕೊಂಡೇ ದಿನ ದೂಡ್ತಿದಾರೆ."

ಮಳೆ ಉದ್ಘಾಟನೆಗೂ ಕಾಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದು, ಕಚೇರಿಯಲ್ಲಿ ದೀಪ ಹಾಕಬೇಕಾಯಿತು. ಟೇಪಮ್ಮ ಯಾರಿಗೂ ಹೇಳದೆ ಕೈಚೀಲ ಎತ್ತಿಕೊಂಡು ಹೊರಟಳು. ದಾರಿಯಲ್ಲಿ ಮೇಲಿನ ಬೀದಿಗಳವರು ಜಗಲಿಯ ಮೇಲೆ ನಿಂತು ಆಶ್ಚರ್ಯದಿಂದ ರಸ್ತೆ ನೋಡುತ್ತಿದ್ದರು. ಅಷ್ಟು ಮಳೆಯಲ್ಲೂ ನೀರು ನಿಲ್ಲದೆ ಚರಂಡಿಗೆ ಇಳಿದು ಹೋಗುತ್ತಿತ್ತು. ಒಬ್ಬರು ಕೊಡೆಯ ಕೆಳಗಿನಿಂದಲೇ ಅವಳಿಗೆ ಕೈಮುಗಿದರು. ನುಂಗಲಾರದ ಬಿಸಿತುಪ್ಪ ಎಂದರೆ ಇದೇ. ಅವಳು ತಲೆ ತಗ್ಗಿಸಿಕೊಂಡು ಓಡಿದಳು, ಆದರೆ ನೀರು ಅವಳಿಗಿಂತ ಬೇಗ ಓಡುತ್ತಿತ್ತು.

ಓಣಿ ತಲುಪಿದಾಗ ಅವಳು ಮೊದಲು ಹಳ್ಳದ ಕಡೆ ನೋಡಿದಳು. ಹೊಸ ಚರಂಡಿಯ ತುದಿಯಲ್ಲಿ ನೀರು ಮುಂದೆ ಹೋಗಲಾರದೆ ತಡೆದು, ಕಸಕಡ್ಡಿಯನ್ನು ಸುತ್ತಿಸುತ್ತ, ನಿಧಾನವಾಗಿ ಓಣಿಯ ಕಡೆಗೆ ತಿರುಗುತ್ತಿತ್ತು. ಇಸ್ತ್ರಿಯವನು ಕೂಸನ್ನು ಬಟ್ಟೆಯ ಮೇಜಿನ ಮೇಲೆ ಮಲಗಿಸಿ, ಹೊಸ್ತಿಲಿಗೆ ಗೋಣಿಚೀಲ ಒತ್ತುತ್ತಿದ್ದ. ಅಕ್ಕ ಹಿತ್ತಿಲಿನಿಂದ ಇಟ್ಟಿಗೆ ಹೊತ್ತು ತಂದು ಮಂಚದ ಬಳಿ ಹಾಕುತ್ತಿದ್ದಳು.

ಭಾವ ದಿಂಬಿಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದ. ಮೇಲಿನ ಬೀದಿಗಳಿಂದ ಬರುತ್ತಿದ್ದ ನೀರು ಅವನ ಕಣ್ಣೆದುರಿಗೇ ಚರಂಡಿ ತುಂಬಿ, ಸದ್ದು ಮಾಡುತ್ತ ಧಾವಿಸುತ್ತಿತ್ತು. ಹಳ್ಳದ ತುದಿ ಅವನ ಕಿಟಕಿಗೆ ಕಾಣುತ್ತಿರಲಿಲ್ಲ. ಒದ್ದೆಯಾಗಿ ಒಳಗೆ ಬಂದ ನಾದಿನಿಯನ್ನು ಕಂಡು ಎಡಗೈ ಎತ್ತಿ, ಚರಂಡಿಯ ಕಡೆ ತೋರಿಸಿದ. ತುಟಿ ಒಂದೆರಡು ಸಲ ಅಲುಗಿದ ಮೇಲೆ ಮಾತು ಬಂತು.

"ಪುಟ್ಟಿ... ಹರೀತಿದೆ."

ಅವಳ ಪಾದದ ಸುತ್ತ ಆಗಲೇ ನೀರು ಬಂದಿತ್ತು. ಅಕ್ಕ ಅವಳ ಮುಖ ನೋಡಿದಳು.

"ಹೌದು ಭಾವ. ಚೆನ್ನಾಗಿ ಹರೀತಿದೆ" ಎಂದಳು ಅವಳು.

ಅಕ್ಕ ಮಂಚದ ಕಾಲನ್ನು ಎತ್ತಿ ಹಿಡಿದಳು. ಪುಟ್ಟಿ ನೀರಿನಲ್ಲಿ ಮಂಡಿಯೂರಿ ಒಂದೊಂದಾಗಿ ಇಟ್ಟಿಗೆ ಜೋಡಿಸತೊಡಗಿದಳು.