ಅಸಾಬಿಯ ಗೆಲೆ

ಇಬಾದಾನ್ ನಗರದ ಸಂತೆಯಲ್ಲಿ ಒಣಮೀನು ಮಾರುವ ಅಸಾಬಿ ವಾರವಿಡೀ ಸಾಮಾನ್ಯ ಹೆಂಗಸು. ಶನಿವಾರ ಬಂತೆಂದರೆ ಮಹಿಳಾ ಸಂಘದ ಅಧ್ಯಕ್ಷೆ. ಆ ಪದವಿಗೆ ಓದು ಬೇಡ, ಭಾಷಣ ಬೇಡ; ತಲೆಗೆ ಸುತ್ತಿದ ಗೆಲೆ ಎಲ್ಲರದಕ್ಕಿಂತ ಎತ್ತರವಿದ್ದರೆ ಸಾಕು. ಹಪ್ಪಳದಂತೆ ಗರಿಗರಿಯಾದ ಆ ಬಟ್ಟೆಯನ್ನು ಕಟ್ಟುವವಳು ಅಸಾಬಿಯ ಬೆನ್ನಿಗೆ ಮೊಣಕಾಲು ಕೊಟ್ಟು, ಮೂಟೆಯ ಬಾಯಿ ಬಿಗಿಯುವಂತೆ ಬಿಗಿಯುತ್ತಿದ್ದಳು. ಹುಬ್ಬು ಮೇಲೇರಿದಷ್ಟೂ ಗೌರವ ಮೇಲೇರುತ್ತಿತ್ತು.

ಭಾನುವಾರ ಮಾತ್ರ ತಲೆಗೆ ಕಬ್ಬಿಣದ ಪಟ್ಟಿ ಹಾಕಿದಂಥ ನೋವು.

"ಎಲ್ಲಾ ಆ ಫಡೆಕೆ ಕಣ್ಣು!" ಎಂದು ನರಳುತ್ತಿದ್ದಳು. ಫಡೆಕೆ ಸಂಘದ ಉಪಾಧ್ಯಕ್ಷೆ. ಅಸಾಬಿಯ ಕುರ್ಚಿಗಾಗಿ ಕಾದು ಕೂತವಳು.

"ಕಣ್ಣಲ್ಲಮ್ಮಾ, ಗಂಟು. ಸಡಿಲ ಕಟ್ಟಿಸ್ಕೋ," ಎಂದಳು ಮಗಳು ಬಿಸೋಯೆ.

"ಸಡಿಲ ಕಟ್ಕೊಂಡು ಹೋಗೋಕೆ ನಾನೇನು ಪಾತ್ರೆ ತೊಳೆಯೋಕೆ ಹೋಗ್ತೀನೇನೇ?"

"ಹಾಗಾದ್ರೆ ಇಷ್ಟಾದ್ರೂ ಮಾಡು. ಹಲ್ಲು ಕಚ್ಚಬೇಡ, ಭುಜ ಇಳಿಬಿಡು. ಹುಬ್ಬಿನ ತುದಿ ಪಕ್ಕ ಎರಡು ಬೆರಳಿಟ್ಟು ಮೆಲ್ಲಗೆ ತಿರುಗಿಸು. ಆಮೇಲೆ ಕತ್ತು ತಲೆಗೆ ಸೇರೋ ಗುಳೀಲಿ ಹೆಬ್ಬೆರಳು ಒತ್ತಿ ಉಸಿರು ಬಿಡು."

ಸಂಜೆಗೆ ನೋವು ಇಳಿಯಿತು. ಅಸಾಬಿ ಹಿಗ್ಗಿದಳು: ಇನ್ನು ಮುಂದೆ ಇನ್ನೂ ಬಿಗಿಯಾಗಿ ಕಟ್ಟಿಸಬಹುದು!

ಮುಂದಿನ ಶನಿವಾರ ಸಂಘದ ಔತಣ. ಊಟದ ಕೊನೆಗೆ ಹೊಸ ಅಧ್ಯಕ್ಷೆಯ ಆಯ್ಕೆ. ಕುರ್ಚಿ ಉಳಿಸಿಕೊಳ್ಳಲು ಅಸಾಬಿ ಗೆಲೆಗೆ ಇನ್ನೊಂದು ಮಡಿಕೆ ಏರಿಸಿದ್ದಳು. ಮುಖ್ಯ ಅತಿಥಿ ಹಿಡಿದ ಮೈಕು ಬಿಡಲಿಲ್ಲ. ಡೋಲಿನ ಪೆಟ್ಟೆಲ್ಲ ಅಸಾಬಿಯ ತಲೆಯೊಳಗೇ ಬೀಳತೊಡಗಿತು. ಬೆರಳು ಒತ್ತೋಣವೆಂದರೆ ಆ ಜಾಗವೆಲ್ಲ ಗೆಲೆಯ ಅಡಿಯಲ್ಲಿ! ಕೈತೊಳೆಯುವ ನೆಪ ಹೇಳಿ ಶಾಮಿಯಾನದ ಹಿಂದೆ, ಅನ್ನದ ಹಂಡೆಗಳ ಮರೆಗೆ ಓಡಿ ಅದನ್ನು ಕಿತ್ತೆಸೆದಳು.

ಅಲ್ಲಿ ಆಗಲೇ ಒಬ್ಬಳು ಬರಿತಲೆಯಲ್ಲಿ ಕೂತು ಹಣೆ ಹಿಚುಕಿಕೊಳ್ಳುತ್ತಿದ್ದಳು. ಫಡೆಕೆ!

"ಬಂದ್ಯಾ? ನಿನ್ನ ಕಣ್ಣು ಬಿದ್ದೇ ನಂಗೆ ಹೀಗಾಗಿರೋದು!" ಎಂದಳು ಫಡೆಕೆ.

"ಬಾಯ್ಮುಚ್ಚೇ. ಹಾಗಾ ಹಿಚುಕೋದು, ಅದೇನು ಟೊಮೆಟೊನಾ? ಇಲ್ನೋಡು, ಎರಡು ಬೆರಳು. ಮೆಲ್ಲಗೆ. ಹಲ್ಲು ಸಡಿಲ ಬಿಡು."

ಇಬ್ಬರೂ ಕಣ್ಣು ಮುಚ್ಚಿ ಬೆರಳಾಡಿಸಿದರು. ಹೆಬ್ಬೆರಳು ಗುಳಿ ಸೇರಿದಾಗ ಫಡೆಕೆಯ ಬಾಯಿಂದ "ಅಬ್ಬಾ!" ಎಂಬ ಉದ್ಗಾರ ಜಾರಿತು. ಒಳಗೆ ಮೈಕಿನಲ್ಲಿ ಆಯ್ಕೆಗೆ ಬನ್ನಿರೆಂದು ಅವರಿಬ್ಬರ ಹೆಸರು ಕೂಗುತ್ತಿದ್ದರು.

"ಗೆಲೆ ಕಟ್ಟೋಳು ಒಳಗೇ ಇದಾಳೆ, ಕರೀಲಾ?" ಎಂದಳು ಫಡೆಕೆ.

ಅಸಾಬಿ ನೆಲದ ಮೇಲೆ ಬಿದ್ದ ಬಟ್ಟೆಯನ್ನು ನೋಡಿದಳು. "ಕೂಗ್ಲಿ ಬಿಡು. ಇನ್ನೊಂದು ಸುತ್ತು ಬೆರಳಾಡಿಸೋಣ."

ಆ ಸುತ್ತು ಮುಗಿಯುವಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ಪರದೆ ಸರಿಸಿ ಇಣುಕಿದರು. ಬಟ್ಟೆ ಅಂಗಡಿಯ ಅಯಿಂಕೆ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತು ನಗುತ್ತಿದ್ದಳು; ಒಂದು ಕೈ ಮಾತ್ರ ಗೆಲೆಯ ಅಂಚಿನೊಳಗೆ ನುಸುಳಲು ಹೆಣಗುತ್ತಿತ್ತು.

"ಪಾಪ, ಅವಳಿಗೂ ಹೇಳ್ಕೊಡೋಣ್ವಾ?" ಎಂದಳು ಅಸಾಬಿ.

"ಹೇಳ್ಕೊಡೋಣ," ಎಂದಳು ಫಡೆಕೆ. "ಅವಸರ ಏನು? ಅಧ್ಯಕ್ಷಗಿರಿ ವರ್ಷವಿಡೀ ಇರುತ್ತಲ್ಲ."