ಗೌರತ್ತೆಯ ಮೂಗು ಮತ್ತು ಕಾರಿನ ಕನ್ವರ್ಟರ್

ಮೊನ್ನೆ ಮಂಗಳವಾರ ನಮ್ಮೂರು ಅಜ್ಜಂಪುರದ ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮುಂದೆ ನಿಂತಿದ್ದ ಹಳೇ ಕಾರಿನ ಹೊಗೆಯಿಂದ ಒಂದು ವಾಸನೆ ಬಂತು. ಪಕ್ಕದ ಬೈಕಿನವನು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು "ಥೂ, ಯಾವನ್ರೀ ಇವ್ನು!" ಎಂದ. ನಾನು ಮಾತ್ರ ಕಿಟಕಿ ಇಳಿಸಿ ನಕ್ಕೆ. ನೀವು ಪಕ್ಕದಲ್ಲಿ ಕೂತಿದ್ದರೆ ಇವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದಿರಿ. ಗೇಟು ತೆಗೆಯಲು ಇನ್ನೂ ಹೊತ್ತಿದೆ, ಅಷ್ಟರಲ್ಲಿ ಆ ವಾಸನೆಯ ಕಥೆ ಹೇಳಿಬಿಡುತ್ತೇನೆ.

ಗೌರತ್ತೆ ನಮ್ಮಪ್ಪನ ತಂಗಿ. ನನ್ನ ಬಟ್ಟೆ ಅಂಗಡಿಯ ಹಿಂದಿನ ಬೀದಿಯಲ್ಲೇ ಅವಳ ಮನೆ. ಚಟ್ನಿಪುಡಿ, ಸಾರಿನಪುಡಿ, ಹುಳಿಪುಡಿ ಮಾಡಿ ಮಾರುತ್ತಾಳೆ. ಪುಡಿಗಿಂತ ಅವಳ ಮೂಗಿನ ಹೆಸರು ದೊಡ್ಡದು. ಬೀದಿಯಲ್ಲಿ ಹೋಗುತ್ತಾ ಯಾರ ಮನೆಯ ಒಗ್ಗರಣೆಯಲ್ಲಿ ಸಾಸಿವೆ ಸೀದಿದೆ ಅಂತ ಹೇಳುತ್ತಿದ್ದಳು. ಹೇಳಿ ಸುಮ್ಮನಾಗುವ ಪೈಕಿಯಲ್ಲ, ಬಾಗಿಲು ತಟ್ಟಿ ಒಳಗೇ ಹೋಗಿ ಹೇಳುತ್ತಿದ್ದಳು. ನಮ್ಮ ಬಳಗದಲ್ಲಿ ಹೆಣ್ಣುಮಕ್ಕಳಿಗೆ ಅವಳ ಕಂಡರೆ ಭಯ, ಅವಳ ಪುಡಿ ಕಂಡರೆ ಪ್ರಾಣ.

ಮಂಗಳವಾರ ನನ್ನ ಅಂಗಡಿಗೆ ರಜೆ. ಅವತ್ತು ನಾನು ಅವಳ ಡ್ರೈವರ್. ಅಪ್ಪನ ಕಾಲದ ಬಿಳಿ ಕಾರು. ಬಿಳಿ ಅನ್ನುವುದು ಆರ್‌ಸಿ ಪುಸ್ತಕದಲ್ಲಿ ಮಾತ್ರ. ಹಿಂದಿನ ಸೀಟಿನ ತುಂಬ ಪುಡಿಯ ಡಬ್ಬಗಳು, ಮುಂದೆ ಅತ್ತೆ. ಒಂದು ವಾರ ತರೀಕೆರೆ, ಒಂದು ವಾರ ಕಡೂರು. ದಾರಿಯುದ್ದಕ್ಕೂ ನನ್ನ ಡ್ರೈವಿಂಗಿಗೆ ಬೈಗುಳ. "ಲೇ, ಎತ್ತಿನ ಗಾಡಿ ನಮ್ಮನ್ನ ಹಿಂದೆ ಹಾಕ್ತೈತೆ, ನೋಡ್ಕಳೋ!"

ಹಿಂದಿನ ದಿನ ಸೋಮವಾರ ಪುಡಿ ಹುರಿಯುವ ದಿನ. ಅವತ್ತು ಏನಾದರೊಂದು ನೆಪ ಹೇಳಿ ನನ್ನನ್ನು ಕರೆಸಿಕೊಳ್ಳುತ್ತಿದ್ದಳು. ಸಿಲಿಂಡರ್ ಬದಲಾಯಿಸು, ಅಟ್ಟದ ಮೇಲಿನ ಜಾಡಿ ಇಳಿಸು. ಕೆಲಸ ಮುಗಿದರೂ ಕಳಿಸುತ್ತಿರಲಿಲ್ಲ. "ಕೂತ್ಕೋ, ಹೋಗುವಿಯಂತೆ." ಬಾಣಲೆಯ ಪಕ್ಕ ಕೂರಿಸಿಕೊಂಡು ನನ್ನ ಮುಖವನ್ನೇ ನೋಡುತ್ತಾ ಮಾತಾಡುವಳು. ವಯಸ್ಸಾಗುತ್ತಾ ಅತ್ತೆಗೆ ನನ್ನ ಮೇಲೆ ಪ್ರೀತಿ ಹೆಚ್ಚಾಯಿತು ಅಂತ ನಾನು ಹೆಮ್ಮೆಯಿಂದ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದೂ ಉಂಟು.

ಹೀಗಿರುವಾಗ ಕಾರು ನಾರಲು ಶುರುವಾಯಿತು. ಅಂಥಿಂಥ ನಾತವಲ್ಲ. ಏರಿನಲ್ಲಿ ಗಾಡಿ ಉಸಿರು ಕಟ್ಟಿದಂತೆ ಎಳೆಯುತ್ತಿತ್ತು, ನಿಂತಲ್ಲಿ ಗಬ್ಬೆಂದು ನಾರುತ್ತಿತ್ತು. ಏನು ವಾಸನೆ ಅದು? ಮನೆಯವರೆಲ್ಲ ಸುತ್ತ ನಿಂತು ಮೂಸಿದೆವು. ಇಲಿ ಸತ್ತಿದೆ ಎಂದಳು ಹೆಂಡತಿ. ಕೊನೆಗೆ ಮೂಗಿನ ಮಹಾರಾಣಿಯನ್ನೇ ಕರೆದೆವು. ಗೌರತ್ತೆ ಬಂದು, ಎಲ್ಲರ ಮುಖ ಒಂದು ಸುತ್ತು ನೋಡಿ, ಬಾಗಿ ಮೂಸಿ, "ಇಂಗು ಕಣ್ರೋ. ಡಬ್ಬ ಸೋರೈತೆ," ಎಂದಳು. ಅತ್ತೆ ಹೇಳಿದ ಮೇಲೆ ಮುಗಿಯಿತು. ಸೀಟು ತೊಳೆದೆವು, ಡಬ್ಬ ಬದಲಾಯಿಸಿದೆವು, ನಿಂಬೆಹಣ್ಣು ಹೆಚ್ಚಿಟ್ಟೆವು. ನಾತ ಜಪ್ಪಯ್ಯ ಎನ್ನಲಿಲ್ಲ.

ತರೀಕೆರೆಯಲ್ಲಿ ಮಾನ ಹೋಯಿತು. ಕಾರಿನ ಹತ್ತಿರ ಬಂದ ಗಿರಾಕಿಗಳು ಸೆರಗು ಮೂಗಿಗೆ ಹಿಡಿದು, "ಇವತ್ತು ಬೇಡ ಗೌರಮ್ಮ, ಮನೇಲಿ ಇನ್ನೂ ಐತೆ," ಎನ್ನುತ್ತಾ ಹಿಂದೆ ಸರಿದರು. ಗೌರಮ್ಮನ ಪುಡಿ ಕೆಟ್ಟಿದೆಯಂತೆ ಅನ್ನುವ ಮಾತು ನಮಗಿಂತ ಮೊದಲೇ ಅಜ್ಜಂಪುರ ಸೇರಿತ್ತು. ಅದೇ ತಿಂಗಳು ಒಂದು ಮಠದ ದಾಸೋಹಕ್ಕೆ ವರ್ಷದ ಸಾರಿನಪುಡಿ ಕೊಡುವುದಿತ್ತು. ಅದು ತಪ್ಪಿದರೆ ಅತ್ತೆಯ ವ್ಯಾಪಾರಕ್ಕೆ ಬಾಗಿಲು ಹಾಕಿದ ಹಾಗೇ. ಅವತ್ತು ವಾಪಸು ಬರುವಾಗ ಅವಳು ನನ್ನ ಡ್ರೈವಿಂಗಿಗೆ ಒಂದೂ ಮಾತು ಬೈಯಲಿಲ್ಲ. ನನಗೆ ಹೆದರಿಕೆಯಾಗಿದ್ದು ಆಗಲೇ.

ಮಾರನೆಯ ವಾರ ಕಡೂರಿಗೆ ಹೋದವರು ಸೀದಾ ನಜೀರನ ಗ್ಯಾರೇಜಿಗೆ ಹೋದೆವು. ನಜೀರ ಮಹಾ ಮಾತುಗಾರ. ಬಾನೆಟ್ ತೆಗೆದು, ಬ್ಯಾಟರಿ ಅಂದ, ಬೆಲ್ಟ್ ಅಂದ, ನಮ್ಮ ಊರಿನ ಪೆಟ್ರೋಲೇ ಸರಿಯಿಲ್ಲ ಅಂದ. ಅಷ್ಟರಲ್ಲಿ ಹಿಂದಿನ ಮನೆಯಿಂದ ಅವನ ತಾಯಿ ಹಸೀನಾಬಿ ಬಂದರು. ಅತ್ತೆಯ ಹುಳಿಪುಡಿಗೆ ಹಳೇ ಗಿರಾಕಿ. ಕಾರಿನ ಹತ್ತಿರ ಬಂದವರು ಗಕ್ಕನೆ ನಿಂತು, "ಯಾ ಅಲ್ಲಾ! ಏನ್ ಗೌರಮ್ಮ, ಗಾಡಿಲಿ ಕೊಳೆತಿರೋ ಮೊಟ್ಟೆ ಇಟ್ಕಂಡ್ ಬಂದಿದೀರಾ?" ಎಂದರು.

ಅತ್ತೆಯ ಮುಖ ನೋಡಬೇಕಿತ್ತು. "ಮೊಟ್ಟೆ! ನಮ್ಮ ಗಾಡೀಲಿ! ಶಿವ ಶಿವಾ!" ಎಂದು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು. ನಮ್ಮ ಮನೆಯವರು ಮೊಟ್ಟೆ ಕಂಡಿದ್ದರೆ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ. ಅದು ಕೊಳೆತರೆ ಹೇಗೆ ನಾರುತ್ತದೆಂದು ನಮಗೆಲ್ಲಿ ಗೊತ್ತಾಗಬೇಕು? ಇಡೀ ವಂಶ ನಿಂತು ಮೂಸಿದ್ದರೂ ಗೊತ್ತಾಗುತ್ತಿರಲಿಲ್ಲ.

ನಜೀರ ಮಾತ್ರ ತೊಡೆ ತಟ್ಟಿ ನಕ್ಕ. "ಮೊಟ್ಟೆ ವಾಸ್ನೆ ಅಂದ್ರೆ ಮುಗೀತು, ಕ್ಯಾಟಲಿಟಿಕ್ ಕನ್ವರ್ಟರ್ರು!" ಗಾಡಿಯ ಕೆಳಗೆ, ಹೊಗೆ ಹೋಗುವ ಪೈಪಿನ ನಡುವೆ ಒಂದು ಡಬ್ಬ. ಒಳಗೆ ಜೇನುಗೂಡಿನಂಥ ಜಾಲರಿ. ಹೊಗೆಯ ವಿಷ ಕಳೆಯುವುದು ಅದರ ಕೆಲಸ. ಹಳೇ ಗಾಡಿಯಲ್ಲಿ ಅದು ಕಟ್ಟಿಕೊಂಡು ಕೆಟ್ಟಿತ್ತು. "ಕಿತ್ತಾಕಿ ಸೀದಾ ಪೈಪು ವೆಲ್ಡ್ ಮಾಡ್ಬಿಡ್ತೀನಿ ಅಮ್ಮ. ವಾಸ್ನೇನೂ ಇಲ್ಲ, ಖರ್ಚೂ ಇಲ್ಲ. ಒಸಿ ಸೌಂಡ್ ಬತ್ತದೆ ಅಷ್ಟೆ."

"ಕಿತ್ತಾಕಿದ್ರೆ ಹೊಗೆ ಸೋಸೋರು ಯಾರು?"

"ಯಾರೂ ಇಲ್ಲ. ಹಂಗೇ ಹೋಯ್ತದೆ."

"ಹಂಗಾದ್ರೆ ಬೇಡ. ನಾನು ಪುಡೀನ ಜರಡಿ ಹಿಡೀದೆ ಮಾರ್ತೀನೇನೋ? ಹೊಸದು ಹಾಕು," ಎಂದು ಅಪ್ಪಣೆ ಮಾಡಿ, ಅತ್ತೆ ಹಸೀನಾಬಿಯವರ ಜೊತೆ ಟೀ ಕುಡಿಯಲು ಒಳಗೆ ಹೋದಳು. ಅಂಥ ಸಂಕಟದಲ್ಲೂ ಜರಡಿ ಬಿಡಲಿಲ್ಲವಲ್ಲ ಎಂದು ನನಗೆ ಸಂತೋಷವಾಯಿತು.

ನಜೀರ ಶಿವಮೊಗ್ಗಕ್ಕೆ ಫೋನ್ ಮಾಡಿದ. ಹಳೇ ಮಾಡೆಲ್ಲು, ಬರುವ ವಾರ ಬರುತ್ತದೆ ಎಂದರು. ಸಡಿಲಿಸಿದ್ದ ಬೋಲ್ಟುಗಳನ್ನು ಮತ್ತೆ ಬಿಗಿದು, ಕೈ ಒರೆಸಿಕೊಳ್ಳುತ್ತಾ ಎದ್ದ. ಸರಿಯಾಗಿ ಆ ಹೊತ್ತಿಗೆ ಅತ್ತೆ ಹೊರಗೆ ಬಂದಳು. ಅವನ ಕೈಯ ಮಸಿ ನೋಡಿದಳು. ಕಾರು ಹತ್ತಿ ಕೂತಳು. ನಾನು ಎಂಜಿನ್ ಶುರು ಮಾಡಿದೆ. ನಾತ ಎಂದಿನಂತೆ ಮುಖಕ್ಕೆ ಹೊಡೆಯಿತು. ಅತ್ತೆ ಎದೆ ತುಂಬ ಉಸಿರೆಳೆದುಕೊಂಡು, "ಆಹಾ! ಈಗ ನೋಡು! ಎಷ್ಟ್ ಹಾಯಾಗೈತೆ! ಕೈ ಅಂದ್ರೆ ನಜೀರಂದು," ಎಂದಳು.

ನಜೀರ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಬೀರೂರು ದಾಟಿದೆವು. ಆಮೇಲೆ ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, "ಅತ್ತೆ, ನಜೀರ ಏನೂ ಮಾಡಿಲ್ಲ. ಸಾಮಾನು ಸಿಗ್ಲಿಲ್ಲ," ಎಂದೆ.

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. "ಕೊರೊನಾ ಬಂದಿತ್ತಲ್ಲ, ಆಗ ಮೂಗು ಹೋಗಿದ್ದು ಕಣೋ. ಇವತ್ತು ಬತ್ತದೆ, ನಾಳೆ ಬತ್ತದೆ ಅಂತ ಕಾದೆ. ಬರ್ಲಿಲ್ಲ."

"ಮತ್ತೆ ಪುಡಿ? ಹೆಂಗ್ ಹುರೀತಿದ್ದೆ?"

"ಕಡ್ಲೆಬೇಳೆಗೆ ಬಣ್ಣ ನೋಡ್ತೀನಿ. ಧನಿಯಾ ಚಟಪಟ ಅನ್ನೋದು ಕೇಳ್ತದೆ. ಮೆಣಸಿನಕಾಯಿಗೆ, ಮೆಂತ್ಯಕ್ಕೆ..." ಎಂದು ನನ್ನ ಕಡೆ ತಿರುಗಿದಳು. "ನಿನ್ನ ಮುಖ ನೋಡ್ತಿದ್ದೆ. ಹದ ಬಂದಾಗ ನಿನ್ನ ಮೂಗು ಅರಳ್ತದೆ ಕಣೋ, ಕರು ಥರ. ಒಂಚೂರು ಜಾಸ್ತಿ ಆದ್ರೆ ಹುಬ್ಬು ಗಂಟಾಕ್ತೀಯ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎಷ್ಟೋ ಸೋಮವಾರಗಳ ಪ್ರೀತಿ ಒಂದೇ ಏಟಿಗೆ ಬಯಲಾಗಿತ್ತು! ಆದರೆ ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ನಗು ಒಳಗೇ ಉಳಿಯಿತು. "ಮೂಗಿಲ್ದೋಳ ಪುಡಿ ಯಾರೋ ಮುಟ್ತಾರೆ? ಮಠದೋರಿಗೆ ಆಗಲ್ಲ ಅಂತ ಹೇಳ್ಬಿಡು. ಸಾಕಾಯ್ತು ನಂಗೆ."

"ಇಷ್ಟು ದಿನ ತಿಂದೋರು ಯಾರಾದ್ರೂ ರುಚಿ ಇಲ್ಲ ಅಂದ್ರಾ?"

"ಇಲ್ಲ."

"ಮತ್ತೆ? ಕದ್ದು ನೋಡೋ ಬದ್ಲು ಕೇಳಿ ಮಾಡು. ನನ್ನ ಮೂಗು ಎಲ್ಲಿಗೂ ಹೋಗಲ್ಲ," ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಗಾಡಿ ಬಿಡೋ, ಕತ್ತಲಾಯ್ತದೆ," ಎಂದಳು.

ಮುಂದಿನ ವಾರ ಹೊಸ ಕನ್ವರ್ಟರ್ ಕೂತಿತು. ಎಂಜಿನ್ ಶುರುವಾದಾಗ ಅತ್ತೆ ಈ ಸಲ ಆಹಾ ಎನ್ನಲಿಲ್ಲ. ಮೆಲ್ಲಗೆ, "ನಿಜವಾಗ್ಲೂ ಹೋಯ್ತೇನೋ?" ಎಂದು ಕೇಳಿದಳು. ಅವಳು ನನ್ನನ್ನು ಒಂದು ವಾಸನೆಯ ವಿಷಯ ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಮಠಕ್ಕೆ ಪುಡಿ ಹೋಯಿತು. ಅಲ್ಲಿಯ ಅಡುಗೆ ಮರುಳಯ್ಯನವರು ಡಬ್ಬದ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, "ಏನ್ ಘಮ ಗೌರಮ್ಮ! ನಿಮ್ಮ ಮೂಗಿಗೆ ಸಮ ಇಲ್ಲ," ಎಂದರು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಅತ್ತೆ ಸುಮ್ಮನಿರಲಿಲ್ಲ. "ನಂದಲ್ಲ ಸ್ವಾಮಿ, ಇವನ್ದು. ನನ್ನ ಮೂಗು ಹೋಗಿ ವರ್ಷಗಳಾಯ್ತು. ಬೇಡ ಅಂದ್ರೆ ಡಬ್ಬ ವಾಪಸ್ ಒಯ್ತೀನಿ," ಎಂದುಬಿಟ್ಟಳು.

ಮರುಳಯ್ಯನವರು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ನಂಗೂ ಎಡಗಿವಿ ಕೇಳಲ್ಲ ಕಣಮ್ಮ. ಮಠದ ಬುದ್ಧಿಯೋರಿಗೆ ಇನ್ನೂ ಹೇಳಿಲ್ಲ. ನೀವೂ ಹೇಳ್ಬೇಡಿ," ಎಂದು ಡಬ್ಬ ಎತ್ತಿ ಒಳಗಿಟ್ಟುಕೊಂಡರು.

ಅತ್ತೆ ಈಗ ಯಾರಿಂದಲೂ ಮುಚ್ಚಿಡುವುದಿಲ್ಲ. ಕಷ್ಟವೆಲ್ಲ ನನಗೆ. ನೆಗಡಿಯಾದರೆ ನನಗಿಂತ ಅವಳಿಗೆ ಗಾಬರಿ. ಕಷಾಯ ಹಿಡಿದು ಅಂಗಡಿಗೇ ಬಂದು, ಗಿರಾಕಿಗಳ ಮುಂದೆಯೇ ಕುಡಿಸುತ್ತಾಳೆ.

ಅಗೋ, ಗೇಟು ತೆಗೆದರು. ಮುಂದಿನ ಕಾರಿನವನಿಗೆ ಹಾರ್ನ್ ಹೊಡೆದು, "ಕನ್ವರ್ಟರ್ ನೋಡಿಸ್ಕಳ್ರೀ!" ಎಂದು ಕೂಗಿ ಹೇಳಿ, ನಾನು ನೆಟ್ಟಗೆ ಅತ್ತೆಯ ಮನೆಗೆ ಹೋದೆ. ಹಬ್ಬ ಹತ್ತಿರ ಬಂತೆಂದು ಈ ಸಲ ಮಂಗಳವಾರವೂ ಹುರಿಯುವ ಕೆಲಸ. ಬಾಣಲೆಯಲ್ಲಿ ಮೆಂತ್ಯ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಹದ ಬಂತು. "ಸಾಕು ಅತ್ತೆ," ಎಂದೆ. ಅವಳು ಬಾಣಲೆ ಇಳಿಸಿದಳು. ಆದರೆ ತಟ್ಟೆಗೆ ಸುರಿಯದೆ, ಅದರ ಮೇಲೆ ಹಾಗೇ ಬಾಗಿ ನಿಂತಳು.

"ಹೆಂಗೈತೋ ವಾಸ್ನೆ?"

ಅದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಹದ ಬಂತಾ ಎಂದಷ್ಟೇ ಕೇಳುತ್ತಿದ್ದಳು. ಏನು ಹೇಳಲಿ? ಕಹಿ ಎಂದರೆ ಸುಳ್ಳು, ಸಿಹಿ ಎಂದರೂ ಸುಳ್ಳು. ನಾನು ಇನ್ನೊಂದು ಸಲ ಉಸಿರೆಳೆದುಕೊಂಡೆ.

"ಮೊದ್ಲು ನೀನು ಮಾಡ್ತಿದ್ದಂಗೇ ಐತೆ ಅತ್ತೆ."

"ಹಂಗಾದ್ರೆ ಸರಿ ಬಿಡು," ಎಂದು ಅತ್ತೆ ನಕ್ಕು, ಮೆಂತ್ಯವನ್ನು ತಟ್ಟೆಗೆ ಸುರಿದಳು.